ಮಗು ಉಣ್ಣುತ್ತದೆ, ಉದ್ದ ಮಾತ್ರ ಆಗುತ್ತಿಲ್ಲ: ಎಳೆ ಕರುಳನ್ನು ಕಾಯುವುದು ಹೇಗೆ?

ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ಹೊಳೆ ಹತ್ತಿರದ ಒಂದು ಊರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಕಡೆ ಕಲಿಸುವವರಿಗೆಲ್ಲ ಅಕ್ಕೋರು ಅಂತಲೇ ಹೆಸರು, ಹಾಗಾಗಿ ನಾನೂ ಅಕ್ಕೋರು. ತಾಯಂದಿರು ನನ್ನ ಹತ್ತಿರ ಜಾಸ್ತಿ ಕೇಳುವ ಪ್ರಶ್ನೆ ಇದು: "ಅಕ್ಕೋರೆ, ಇವ ಚಲೋ ಉಣ್ತಾನೆ. ಆದ್ರೂ ಯಾಕೆ ಉದ್ದ ಆಗ್ತಿಲ್ಲ?"

ಮನೆಯಲ್ಲಿ ಇದಕ್ಕೆ ಸಿಗುವ ಉತ್ತರ ಎರಡೇ. ಒಂದು, ತಾಯಿ ಸರಿಯಾಗಿ ಉಣಿಸುತ್ತಿಲ್ಲ. ಇನ್ನೊಂದು, ಅಪ್ಪನೂ ಗಿಡ್ಡ, ಅಜ್ಜನೂ ಗಿಡ್ಡ, ಮಗು ಇನ್ನೇನಾದೀತು. ಈ ಎರಡು ಉತ್ತರ ಕೇಳಿದರೆ ನನಗೆ ಸಂಕಟವಾಗುತ್ತದೆ. ಉಣಿಸುವುದು ಅರ್ಧ ಕೆಲಸ. ಉಂಡದ್ದನ್ನು ಕರುಳು ಹೀರಿಕೊಳ್ಳಬೇಕು, ಅದು ಉಳಿದರ್ಧ. ಆ ಉಳಿದರ್ಧದ ಬಗ್ಗೆ ಯಾರೂ ತಾಯಿಗೆ ಹೇಳಿರುವುದಿಲ್ಲ.

ಗಿಡ್ಡ ವಂಶ ಅನ್ನುವ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಅಳತೆಪಟ್ಟಿ ಹೊರಡಿಸಿತು. ಅದಕ್ಕಾಗಿ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶದ ಮಕ್ಕಳನ್ನು ಅಳೆದಿದ್ದರು. ನಮ್ಮ ದೇಶದ ಮಕ್ಕಳು ದೆಹಲಿಯವರು. ಎದೆಹಾಲು, ಒಳ್ಳೆಯ ಊಟ, ಚೊಕ್ಕ ಮನೆ ಸಿಕ್ಕಿದ ಮಕ್ಕಳು ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ ಥರ ಉದ್ದವಾಗಿದ್ದವು. ಅಂದರೆ ಐದು ವರ್ಷದೊಳಗಿನ ಮಗು ಪಟ್ಟಿಗಿಂತ ತುಂಬ ಕೆಳಗಿದ್ದರೆ ಅಜ್ಜನ ಕಡೆ ನೋಡುವ ಮುಂಚೆ ಮಗುವಿನ ಹೊಟ್ಟೆ ಕಡೆ ನೋಡಬೇಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗಿಂತ ಗಿಡ್ಡ ಇದ್ದರು. ಇಷ್ಟೊಂದು ಮನೆಯ ತಾಯಂದಿರೆಲ್ಲ ಉಣಿಸಲು ಬಾರದವರು ಅಂತ ಹೇಳಲಾಗುತ್ತದೆಯಾ?

ಒಳಗೆ ಏನಾಗುತ್ತದೆ

ಸಣ್ಣಕರುಳಿನ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿವೆ, ಸಸಿಮಡಿಯಲ್ಲಿ ಭತ್ತದ ಸಸಿ ಒತ್ತಾಗಿ ನಿಂತ ಹಾಗೆ. ಊಟದ ಸಾರ ಹೀರುವುದು ಇವೇ. ಕೊಳಕು ನೀರು, ಕೈ, ಮಣ್ಣಿನಿಂದ ಕೆಟ್ಟ ರೋಗಾಣು ಮತ್ತೆ ಮತ್ತೆ ಒಳಗೆ ಹೋದರೆ ಈ ಎಳೆಗಳು ಮೊಂಡಾಗುತ್ತವೆ. ಗೋಡೆ ಸಡಿಲವಾಗಿ ಸೋರುತ್ತದೆ. ಸೋರಿದ ಕಡೆ ರೋಗಾಣುವಿನ ಚೂರುಗಳು ರಕ್ತಕ್ಕೆ ಇಳಿಯುತ್ತವೆ, ಮೈ ಅದರ ಜೊತೆ ದಿನಾ ಹೋರಾಡುತ್ತದೆ. ಬೆಳೆಯಲು ಬೇಕಾದ ಶಕ್ತಿ ಅಲ್ಲಿ ಖರ್ಚಾಗುತ್ತದೆ. ಈ ಹೋರಾಟದಿಂದ ಏಳುವ ಉರಿಯೂತ ಮೂಳೆ ಬೆಳೆಸುವ ಹಾರ್ಮೋನಿನ ಕೆಲಸವನ್ನೂ ತಗ್ಗಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು, ಇದಕ್ಕೆ ಭೇದಿ ಆಗಲೇಬೇಕು ಅಂತಿಲ್ಲ. ಎಂಟು ದೇಶಗಳಲ್ಲಿ ಹುಟ್ಟಿನಿಂದ ಎರಡು ವರ್ಷದವರೆಗೆ ಮಕ್ಕಳನ್ನು ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ನಡೆಯಿತು. ನಮ್ಮ ದೇಶದಲ್ಲಿ ಅದು ನಡೆದದ್ದು ವೆಲ್ಲೂರಿನಲ್ಲಿ. ಭೇದಿ ಇಲ್ಲದ, ಆಡಿಕೊಂಡಿದ್ದ ಮಕ್ಕಳ ಮಲದಲ್ಲೂ ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಜಿಯಾರ್ಡಿಯಾ, ಒಂದು ಜಾತಿಯ ಇ. ಕೋಲೈ ಅನ್ನುವ ರೋಗಾಣುಗಳು ಸಿಕ್ಕವು. ಇವು ಜಾಸ್ತಿ ಇದ್ದ ಮಕ್ಕಳು ಉದ್ದದಲ್ಲಿ ಹಿಂದೆ ಬಿದ್ದಿದ್ದರು. ಹಾಗಾಗಿ "ಹೊಟ್ಟೆ ಸರಿಯಿದೆ, ಭೇದಿ ಇಲ್ಲ" ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ಕರುಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇವೆ. ಅವು ಜಾಗ ತುಂಬಿಕೊಂಡಿದ್ದರೆ ಕೆಟ್ಟವಕ್ಕೆ ಕಾಲೂರಲು ಆಗುವುದಿಲ್ಲ. ಮಗು ಬೆಳೆದಂತೆ ಈ ಬಳಗವೂ ಬದಲಾಗುತ್ತ, ಎರಡು ಮೂರು ವರ್ಷಕ್ಕೆ ದೊಡ್ಡವರ ಥರ ಆಗುತ್ತದೆ. ಢಾಕಾದಲ್ಲಿ ತೀರಾ ಸೊರಗಿದ ಮಕ್ಕಳನ್ನು ನೋಡಿದಾಗ ಅವರ ಕರುಳಿನ ಬಳಗ ಅವರ ವಯಸ್ಸಿಗಿಂತ ಎಳೆಯದಾಗಿತ್ತು ಅಂತ 2014ರಲ್ಲಿ ವಿಜ್ಞಾನಿಗಳು ಬರೆದರು. ಪೌಷ್ಟಿಕ ಆಹಾರ ಕೊಟ್ಟಾಗ ಸ್ವಲ್ಪ ಸುಧಾರಿಸಿ, ನಿಲ್ಲಿಸಿದ ಮೇಲೆ ಮತ್ತೆ ಹಿಂದೆ ಸರಿದಿತ್ತು.

ಮೊದಲು ಅಳೆಯಿರಿ

ತೂಕ ಎಲ್ಲರೂ ಕೇಳುತ್ತಾರೆ, ಉದ್ದ ಯಾರೂ ಕೇಳುವುದಿಲ್ಲ. ನೀವು ಕೇಳಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಎರಡು ತುಂಬಿದ ಮೇಲೆ ನಿಲ್ಲಿಸಿ. ಅಂಗನವಾಡಿಯಲ್ಲಿ ಅದಕ್ಕೆಂದೇ ಹಲಗೆ ಇದೆ. ಒಬ್ಬರಿಂದ ಆಗುವ ಕೆಲಸ ಅಲ್ಲ. ತಾಯಿ ತಲೆ ಹಿಡಿದು ಮೇಲಿನ ಹಲಗೆಗೆ ತಾಗಿಸುತ್ತಾಳೆ, ನಾನು ಮೊಣಕಾಲು ಮೆತ್ತಗೆ ಒತ್ತಿ ಪಾದ ನೆಟ್ಟಗೆ ಇಟ್ಟು ಕೆಳಗಿನ ಹಲಗೆ ಸರಿಸುತ್ತೇನೆ. ತಲೆಯಲ್ಲಿ ಜುಟ್ಟು, ಕ್ಲಿಪ್ಪು ಇದ್ದರೆ ತೆಗೆಯಬೇಕು. ಮಗು ಒದ್ದಾಡಿದರೆ ಸಮಾಧಾನ ಮಾಡಿ ಮತ್ತೊಮ್ಮೆ ಅಳೆಯಿರಿ ಅಂತ ಹೇಳಿ. ಒಂದು ಸೆಂಟಿಮೀಟರ್ ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ.

ಒಂದು ವರ್ಷ ತುಂಬಿದ ಗಂಡುಮಗು ಸುಮಾರು 75.7 ಸೆಂ.ಮೀ., ಹೆಣ್ಣುಮಗು 74 ಸೆಂ.ಮೀ. ಇರುವುದು ಮಧ್ಯದ ಅಳತೆ. ಗಂಡು 71ಕ್ಕಿಂತ, ಹೆಣ್ಣು 68.9ಕ್ಕಿಂತ ಕಡಿಮೆ ಇದ್ದರೆ ಬೆಳವಣಿಗೆ ಕುಂಠಿತ ಅಂತ ಲೆಕ್ಕ. ಎರಡು ವರ್ಷಕ್ಕೆ ಮಲಗಿಸಿ ಅಳೆದಾಗ ಗಂಡಿಗೆ ಈ ಕುಂಠಿತದ ಗೆರೆ 81.7, ಹೆಣ್ಣಿಗೆ 80. ಒಂದು ದಿನದ ಅಳತೆಗಿಂತ, ಅಳತೆಗಳನ್ನು ಸೇರಿಸಿ ಎಳೆದ ಮಗುವಿನ ಗೆರೆ ಎತ್ತ ಹೋಗುತ್ತಿದೆ ಅನ್ನುವುದು ಮುಖ್ಯ. ಹೋದ ಸಲಕ್ಕಿಂತ ಗೆರೆ ಚಪ್ಪಟೆಯಾಗಿದ್ದರೆ ಆ ಕುಂಠಿತದ ಗೆರೆ ಮುಟ್ಟುವವರೆಗೆ ಕಾಯಬೇಡಿ. ತೋಳಿನ ಸುತ್ತಳತೆ ನೋಡುವ ಪಟ್ಟಿಯನ್ನೂ ಹಾಕಿಸಿ. ಆರು ತಿಂಗಳಿಂದ ಐದು ವರ್ಷದ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಮದ್ದು ಮಾಡುತ್ತ ಕೂರಬಾರದು, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯಬೇಕು.

ಆರು ತಿಂಗಳವರೆಗೆ ಎದೆಹಾಲು ಮಾತ್ರ

ಎದೆಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇದೆ. ಮಗುವಿಗೆ ಅದು ಜೀರ್ಣವೇ ಆಗುವುದಿಲ್ಲ. ಹಾಗಾದರೆ ಅದು ಯಾರಿಗೆ? ಕರುಳಲ್ಲಿರುವ ಬಿಫಿಡೋಬ್ಯಾಕ್ಟೀರಿಯಾಗೆ. ತಾಯಿ ತನ್ನ ಮಗುವಿಗಷ್ಟೇ ಅಲ್ಲ, ಮಗುವನ್ನು ಕಾಯುವ ಆ ಬಳಗಕ್ಕೂ ಉಣಿಸುತ್ತಾಳೆ. ನನಗೆ ಇದು ತಿಳಿದ ದಿನದಿಂದ ಬಾಣಂತಿ ಮನೆಗೆ ಹೋದಾಗೆಲ್ಲ ಹೇಳುತ್ತೇನೆ. ಅಜ್ಜಿಯಂದಿರೂ ಕಿವಿಗೊಟ್ಟು ಕೇಳುತ್ತಾರೆ.

ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಾಲು ಕೊಡಿ. ಆರು ತಿಂಗಳವರೆಗೆ ನೀರೂ ಬೇಡ, ಸೆಕೆಗಾಲದಲ್ಲೂ ಬೇಡ. ತೇಯ್ದ ಬಜೆ, ಸಕ್ಕರೆ ನೀರು, ಜೇನು ಯಾವುದೂ ಬೇಡ. ಜೇನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಶಿರಸಿ, ಸಿದ್ದಾಪುರ, ಜೋಯ್ಡಾ ಕಡೆಯಿಂದ ನೆಂಟರು ಬಂದರೆ ಕೈಯಲ್ಲಿ ಜೇನಿನ ಬಾಟಲಿ ಇದ್ದೇ ಇರುತ್ತದೆ. ಎಷ್ಟೇ ಶುದ್ಧ ಜೇನಾದರೂ ಅದರಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜ ಇರಬಹುದು. ದೊಡ್ಡವರ ಕರುಳಿನ ಬಳಗ ಅದನ್ನು ಮೊಳೆಯಲು ಬಿಡುವುದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳಲ್ಲಿ ಆ ಕಾವಲು ಇನ್ನೂ ಗಟ್ಟಿಯಾಗಿರುವುದಿಲ್ಲ. ಬೀಜ ಮೊಳೆತು ವಿಷ ಬಿಡುತ್ತದೆ, ಮಗುವಿನ ಮೈ ಸೋತು ಉಸಿರಿಗೇ ಅಪಾಯ. ನಾಲಿಗೆಗೆ ಒಂದು ಹನಿ ನೆಕ್ಕಿಸುವುದೂ ಬೇಡ.

ಬಾಟಲಿ, ನಿಪ್ಪಲ್ ಬೇಡವೇ ಬೇಡ. ಕೊಡಲೇಬೇಕಾದಾಗ ಒಳಲೆ ಅಥವಾ ಲೋಟ, ಚಮಚ.

ಬಾವಿ ನೀರು, ಕೈ, ಅಂಗಳ

ಕರಾವಳಿಯಲ್ಲಿ ಮನೆಗೊಂದು ಬಾವಿ. ನೆಲ ಚಿರೆಕಲ್ಲು. ಚಿರೆಕಲ್ಲಿನಲ್ಲಿ ತೂತು, ಸೀಳು ಜಾಸ್ತಿ, ನೀರು ಸೋಸದೆಯೇ ಹರಿದುಬಿಡುತ್ತದೆ. ಜೂನ್ ಬಂತೆಂದರೆ ನೀರು ಬಾವಿಕಟ್ಟೆಯ ಹತ್ತಿರ ಏರುತ್ತದೆ, ಅದೇ ನೀರು ಶೌಚದ ಗುಂಡಿಯಲ್ಲೂ ಏರಿರುತ್ತದೆ. ಗುಂಡಿಗೂ ಬಾವಿಗೂ 15 ಮೀಟರ್ ದೂರ ಇರಬೇಕು ಅನ್ನುತ್ತಾರೆ. ಸಣ್ಣ ಹಿತ್ತಿಲಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಹೊಸದಾಗಿ ಗುಂಡಿ ತೆಗೆಯುವವರು ಬಾವಿಗಿಂತ ತಗ್ಗಿನ ಕಡೆ ತೆಗೆಯಲಿ. ಈಗಾಗಲೇ ಇರುವವರು ಬ್ಲೀಚಿಂಗ್ ಪೌಡರ್ ಮತ್ತು ಕುದಿಸುವುದು, ಎರಡನ್ನೂ ಮಾಡಬೇಕು.

ಬ್ಲೀಚಿಂಗ್ ಪೌಡರ್ ಅಂದಾಜಿಗೆ ಸುರಿಯುವುದಲ್ಲ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ. ನೀರಿನ ಆಳದಿಂದ ಗುಣಿಸಿ. ಆಮೇಲೆ 785ರಿಂದ ಗುಣಿಸಿ. ಬಂದದ್ದು ಲೀಟರ್ ಲೆಕ್ಕ. ಒಂದೂವರೆ ಮೀಟರ್ ಅಗಲ, ನಾಲ್ಕು ಮೀಟರ್ ನೀರಿದ್ದರೆ ಸುಮಾರು 7,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಪುಡಿ ಸಾಕು, ಅಂದರೆ ಈ ಬಾವಿಗೆ ಹದಿನೇಳು ಹದಿನೆಂಟು ಗ್ರಾಂ. ಪುಡಿಯನ್ನು ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಆಮೇಲೆ ನೀರು ತುಂಬಿಸಿ ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ, ಮೇಲೆ ಕೆಳಗೆ ಚೆನ್ನಾಗಿ ಆಡಿಸಿ. ಕಡೇಪಕ್ಷ ಒಂದು ಗಂಟೆ ನೀರು ಸೇದಬೇಡಿ. ರಾತ್ರಿ ಮಲಗುವ ಮುಂಚೆ ಮಾಡಿದರೆ ಸಲೀಸು. ಪುಡಿಯ ಡಬ್ಬಿ ತೆರೆದಿಟ್ಟರೆ ಶಕ್ತಿ ಹೋಗುತ್ತದೆ, ಮುಚ್ಚಿಡಿ. ಮಕ್ಕಳ ಕೈಗೂ ಸಿಗಬಾರದು.

ಇಷ್ಟು ಮಾಡಿದರೂ ಮಗುವಿನ ನೀರನ್ನು ಕುದಿಸಬೇಕು. ಜಿಯಾರ್ಡಿಯಾದಂಥವು ಕ್ಲೋರಿನ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಬಿಸಿ ಮಾಡುವುದು ಬೇರೆ, ಕುದಿಸುವುದು ಬೇರೆ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಹಾಗೇ ಬಿಡಿ. ಆಮೇಲೆ ಬೇಗ ಆರಲಿ ಅಂತ ಬಾವಿಯ ತಣ್ಣೀರು ಬೆರೆಸಬೇಡಿ! ಎಷ್ಟೋ ಮನೆಯಲ್ಲಿ ಇದನ್ನು ನೋಡಿದ್ದೇನೆ. ಕುದಿಸಿದ ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಚೊಂಬು ಅದ್ದಿದರೆ ಬೆರಳೂ ಅದ್ದುತ್ತದೆ.

ಮಗುವಿನ ಮಲ ಏನೂ ಮಾಡುವುದಿಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. ಅದರಲ್ಲೂ ರೋಗಾಣು ದೊಡ್ಡವರಷ್ಟೇ ಇರುತ್ತದೆ. ಶೌಚಾಲಯಕ್ಕೇ ಹಾಕಿ, ತೆಂಗಿನ ಬುಡಕ್ಕೆ ಎಸೆಯಬೇಡಿ. ಆ ಬಟ್ಟೆಯನ್ನು ಬಾವಿಕಟ್ಟೆ ಮೇಲೆ ಒಗೆಯಬೇಡಿ, ತೊಳೆದ ನೀರು ಮತ್ತೆ ಬಾವಿಗೇ ಇಳಿಯುತ್ತದೆ. ಮಲ ತೊಳೆದ ಮೇಲೆ, ಅಡುಗೆಗೆ ಮುಂಚೆ, ಉಣಿಸುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಮಗುವಿನ ಕೈಯನ್ನೂ ತೊಳೆಯಿರಿ.

ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಅಂಗಳದಲ್ಲಿ ಕೋಳಿ ಹಿಕ್ಕೆ ಇದ್ದರೆ ಅದೂ ಹೋಗುತ್ತದೆ. ಕೋಳಿಯ ಹಿಕ್ಕೆ ಕ್ಯಾಂಪಿಲೋಬ್ಯಾಕ್ಟರ್‌ನ ತವರು. ಕೋಳಿ ಸಾಕಬೇಡಿ ಅಂತ ನಾನು ಹೇಳುವುದಿಲ್ಲ, ಮೊಟ್ಟೆ ಬೇಕು. ಆದರೆ ರಾತ್ರಿ ಕೋಳಿಯನ್ನು ಅಡುಗೆಮನೆ ಮೂಲೆಯಲ್ಲಿ ಬುಟ್ಟಿ ಕವುಚಿ ಇಡಬೇಡಿ, ಹೊರಗೆ ಗೂಡು ಮಾಡಿ. ಮಗು ಆಡಲು ತೊಳೆಯಬಹುದಾದ ಚಾಪೆ ಹಾಸಿ, ಕೊಟ್ಟಿಗೆ ಕಡೆ ಹೋಗದಂತೆ ಅಡ್ಡ ಕಟ್ಟಿ.

ಇಲ್ಲೊಂದು ಸತ್ಯ ಹೇಳಲೇಬೇಕು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಮನೆಗಳಿಗೆ ಶೌಚಾಲಯ, ಸೋಪು, ಕ್ಲೋರಿನ್ ಕೊಟ್ಟು ನೋಡಿದರು. 2018, 19ರ ಹೊತ್ತಿಗೆ ಫಲಿತಾಂಶ ಬಂತು. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾಯಿತು. ಆದರೆ ಬರೀ ಚೊಕ್ಕತನದಿಂದ ಮಕ್ಕಳ ಉದ್ದ ಮೂರು ಕಡೆಯೂ ಹೆಚ್ಚಲಿಲ್ಲ. ಊಟದ ನೆರವು ಕೊಟ್ಟ ಕಡೆ ಸ್ವಲ್ಪ ಹೆಚ್ಚಿತು. ಹಾಗಂತ ಸೋಪು ಬಿಟ್ಟುಬಿಡುವುದಾ? ಖಂಡಿತ ಅಲ್ಲ. ಒಂದು ಬಾಗಿಲು ಮುಚ್ಚಿ ಉಳಿದವನ್ನು ತೆರೆದಿಟ್ಟರೆ ಸಾಲದು ಅಂತ ನಾನು ಇದನ್ನು ತಿಳಿದುಕೊಂಡಿದ್ದೇನೆ. ನೀರು, ಕೈ, ಮಲ, ಅಂಗಳ, ಊಟ ಎಲ್ಲವೂ ಒಟ್ಟಿಗೆ ಸುಧಾರಿಸಬೇಕು. ಅದು ತಾಯಿ ಒಬ್ಬಳಿಂದ ಆಗುವುದಲ್ಲ. ಮನೆಯವರೆಲ್ಲ ಕೈ ಹಾಕಬೇಕು, ಊರೂ ಪಂಚಾಯಿತಿಯೂ ಜೊತೆ ನಿಲ್ಲಬೇಕು.

ಆರು ತಿಂಗಳಾದ ಮೇಲೆ ಊಟ

ಗಂಜಿ ತಿಳಿ ಕುಡಿಸಿ ಹೊಟ್ಟೆ ತುಂಬಿಸಬೇಡಿ. ಮಗುವಿನ ಹೊಟ್ಟೆ ಪುಟ್ಟದು, ನೀರಿಗೇ ತುಂಬಿಬಿಡುತ್ತದೆ. ಚಮಚ ಓರೆ ಮಾಡಿದರೆ ಊಟ ಜಾರಿ ಹೋಗಬಾರದು, ಅಷ್ಟು ಗಟ್ಟಿ ಬೇಕು. ಕುಚಲಕ್ಕಿ ಅನ್ನವನ್ನು ಬೇಳೆ ಜೊತೆ ಮೆತ್ತಗೆ ಬೇಯಿಸಿ ಕಿವುಚಿ, ಮೇಲೆ ಅರ್ಧ ಚಮಚ ತೆಂಗಿನೆಣ್ಣೆ ಅಥವಾ ತುಪ್ಪ. ಎರಡು ಮೂರು ಚಮಚದಿಂದ ಶುರು ಮಾಡಿ, ಎಂಟು ತಿಂಗಳೊಳಗೆ ಅರ್ಧ ಬಟ್ಟಲಿಗೆ ಬನ್ನಿ. ಮೊದಲು ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ. ಎದೆಹಾಲು ಎರಡು ವರ್ಷ, ಅದರಾಚೆಗೂ ಇರಲಿ. ಬೆಳಿಗ್ಗೆ ಮಾಡಿದ ಗಂಜಿಯನ್ನು ಸಂಜೆಗೆ ಕೊಡಬೇಡಿ. ನಮ್ಮ ಸೆಕೆಯಲ್ಲಿ ಎರಡು ಗಂಟೆ ಕಳೆದರೆ ಅದರಲ್ಲಿ ರೋಗಾಣು ಹೆಚ್ಚುತ್ತವೆ.

ಕರಾವಳಿಯ ಮಕ್ಕಳಿಗೆ ಮೀನು ದೊಡ್ಡ ಭಾಗ್ಯ. ಬಂಗಡೆ, ತಾರ್ಲೆ ಬೇಯಿಸಿ, ಮುಳ್ಳು ಒಂದೊಂದಾಗಿ ಬೆರಳಲ್ಲೇ ಹುಡುಕಿ ತೆಗೆದು ಅನ್ನದ ಜೊತೆ ಕಿವುಚಿ ಕೊಡಿ. ಖಾರ ಹಾಕುವ ಮುಂಚೆ ಮಗುವಿನದ್ದು ಬೇರೆ ತೆಗೆದಿಡಿ. ಅಘನಾಶಿನಿ, ಗಂಗಾವಳಿ ಹೊಳೆಗಳ ಬಳಚು (ಚಿಪ್ಪುಮೀನು) ಒಳ್ಳೆಯದೇ, ಆದರೆ ಅದು ಹೊಳೆ ನೀರನ್ನು ಸೋಸಿ ತಿನ್ನುವ ಜೀವಿ. ನೀರಲ್ಲಿರುವ ರೋಗಾಣು ಅದರ ಮೈಯಲ್ಲಿ ಸೇರಿರುತ್ತದೆ. ಬಾಯಿ ಬಿಟ್ಟ ಮೇಲೂ ಚೆನ್ನಾಗಿ ಬೇಯಿಸಿ. ಮೀನು ತಿನ್ನದ ಮನೆಯಲ್ಲಿ ಬೇಳೆ, ಹೆಸರುಕಾಳು, ಮೊಸರು, ಬಸಳೆ, ಹರಿವೆ ಜಾಸ್ತಿ ಮಾಡಿ. ಮೊಟ್ಟೆ ತಿನ್ನುವವರು ದಿನಕ್ಕೊಂದು ಕೊಡಿ. ಎಕ್ವಡಾರ್‌ನಲ್ಲಿ ಇದರಿಂದ ಮಕ್ಕಳು ಉದ್ದವಾದರು, ಮಲಾವಿಯಲ್ಲಿ ಹಾಗಾಗಲಿಲ್ಲ. ಹಾಗಾಗಿ ಮೊಟ್ಟೆಯೊಂದೇ ಮಂತ್ರ ಅಂತ ನಾನು ಹೇಳುವುದಿಲ್ಲ. ಆದರೆ ಊಟವಾಗಿ ಅದಕ್ಕೆ ಸಾಟಿ ಕಡಿಮೆ.

ಈಗ ಬಾಳೆಕಾಯಿ. ಢಾಕಾದ ಮೀರ್‌ಪುರದಲ್ಲಿ 12ರಿಂದ 18 ತಿಂಗಳ ಸೊರಗಿದ ಮಕ್ಕಳಿಗೆ ಒಂದು ವಿಶೇಷ ಆಹಾರ ಕೊಟ್ಟರು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಏನು ಬೇಕು ಅಂತ ಹುಡುಕಿ ಮಾಡಿದ ಆಹಾರ. ಅದರಲ್ಲಿ ಕಡಲೆ ಹಿಟ್ಟು, ಶೇಂಗಾ, ಸೋಯಾ, ಬಾಳೆಕಾಯಿ ಇದ್ದವು, ಜೊತೆಗೆ ಸಕ್ಕರೆ, ಎಣ್ಣೆ, ವಿಟಮಿನ್ನು. ಮಾಮೂಲಿ ಪೌಷ್ಟಿಕ ಆಹಾರಕ್ಕಿಂತ ಕ್ಯಾಲರಿ ಕಡಿಮೆ ಇದ್ದರೂ ಮೂರು ತಿಂಗಳಲ್ಲಿ ಈ ಮಕ್ಕಳ ತೂಕ ಬೇಗ ಏರಿತು. 2021ರಲ್ಲಿ ಇದು ಪ್ರಕಟವಾಯಿತು. ಓದಿದಾಗ ನನಗೆ ಸಂತೋಷ ತಡೆಯಲಾಗಲಿಲ್ಲ. ಬಾಳೆಕಾಯಿ ಒಣಗಿಸಿ ಪುಡಿ ಮಾಡಿ ಮಗುವಿಗೆ ಮಣ್ಣಿ (ಗಟ್ಟಿ ಗಂಜಿ) ಕಾಸುವುದು ಕರಾವಳಿಯಲ್ಲಿ ಹಳೆಯ ರೂಢಿಯಲ್ಲವೇ?

ನಾನು ತಾಯಂದಿರಿಗೆ ಹೇಳಿಕೊಡುವುದು ಹೀಗೆ. ಅರ್ಧ ನೇಂದ್ರ ಬಾಳೆಕಾಯಿ ಸಿಪ್ಪೆ ಸಮೇತ ಬೇಯಿಸಿ, ಸಿಪ್ಪೆ ತೆಗೆದು ನುಣ್ಣಗೆ ಕಿವುಚಿ. ಪುಟಾಣಿ (ಹುರಿಗಡಲೆ) ಪುಡಿ ಒಂದು ಚಮಚ, ಹುರಿದು ಸಿಪ್ಪೆ ಊದಿದ ಶೇಂಗಾ ಪುಡಿ ಒಂದು ಚಮಚ. ಕುದಿಸಿದ ನೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ತಿರುವಿ. ಕೊನೆಗೆ ತೆಂಗಿನೆಣ್ಣೆ. ಇದು ಪ್ರಯೋಗಾಲಯದ ಆ ಆಹಾರ ಅಲ್ಲ, ಅದೇ ಜಾತಿಯ ಸಾಮಾನಿನಿಂದ ಮಾಡಿದ ಮನೆ ಊಟ. ಶೇಂಗಾ ಮೊದಲ ಸಲ ಚೂರೇ ಕೊಟ್ಟು ಮೈ ಮೇಲೆ ದದ್ದು ಏಳುತ್ತದೆಯಾ ನೋಡಿ. ಇಡೀ ಬೀಜ ಯಾವತ್ತೂ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೂಸಲು ಹಿಡಿದ, ಕಹಿಯಾದ ಬೀಜವನ್ನು ಎಸೆದುಬಿಡಿ. ಬೂಸಲಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಪ್ರೋಬಯಾಟಿಕ್ ಪುಡಿ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಕೊಡಬೇಕಾ ಅಂತ ಈಗೀಗ ಕೇಳುತ್ತಾರೆ. ಒಡಿಶಾದ ಹಳ್ಳಿಗಳಲ್ಲಿ ನಾಲ್ಕೂವರೆ ಸಾವಿರ ಹಸುಗೂಸುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಹೆಸರು ಮಾಡಿತು. ನಂಜು ಮತ್ತು ಸಾವು ಎರಡೂ ಸೇರಿ ಶೇ. 40ರಷ್ಟು ಕಡಿಮೆಯಾಗಿತ್ತು. ಆದರೆ ಅಲ್ಲಿ ಬಳಸಿದ್ದು ಆರಿಸಿ ತೆಗೆದ ಒಂದೇ ಬ್ಯಾಕ್ಟೀರಿಯಾ, ಅದೂ ಹುಟ್ಟಿದ ಮೊದಲ ದಿನಗಳಲ್ಲಿ. ಮೆಡಿಕಲ್ ಶಾಪಿನ ಪೊಟ್ಟಣ ಅದೇ ಅಲ್ಲ. ಡಾಕ್ಟರು ಹೇಳದೆ ಆ ದುಡ್ಡು ಖರ್ಚು ಮಾಡಬೇಡಿ, ಅದರಲ್ಲಿ ಮೊಟ್ಟೆ, ಬೇಳೆ ತನ್ನಿ.

ಭೇದಿ ಆದಾಗ

ಓಆರ್‌ಎಸ್ ಪೊಟ್ಟಣ ಮನೆಯಲ್ಲಿ ಯಾವಾಗಲೂ ಇರಲಿ, ಆಶಾ ಕಾರ್ಯಕರ್ತೆ ಹತ್ತಿರ ಸಿಗುತ್ತದೆ. ದೊಡ್ಡ ಪೊಟ್ಟಣವನ್ನು ಪೂರ್ತಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪೊಟ್ಟಣ, ಒಂದು ಲೋಟ ಅಂತೆಲ್ಲ ಮಾಡಿದರೆ ಉಪ್ಪು ಹೆಚ್ಚುಕಡಿಮೆಯಾಗಿ ಅಪಾಯ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿ ಆದ ಮೇಲೆ 50ರಿಂದ 100 ಮಿಲಿ, ಚಮಚ ಚಮಚವಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ. ಅಂಗಡಿಯ ಬಣ್ಣದ ಡಬ್ಬಿ ಪಾನೀಯ ಓಆರ್‌ಎಸ್ ಅಲ್ಲ, ಅದರ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂತ 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿದೆ.

ಜೊತೆಗೆ ಜಿಂಕ್ ಮಾತ್ರೆ. ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಚಮಚದಲ್ಲಿ ಎದೆಹಾಲು ಅಥವಾ ನೀರು ಹಾಕಿ ಕರಗಿಸಿ ಕೊಡಿ. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ ಪೂರ್ತಿ ಮಾಡಿ. ಕರುಳಿನ ಗೋಡೆ ಸರಿಹೋಗಲು ಅದು ಬೇಕು.

ಆಂಟಿಬಯಾಟಿಕ್ ಅನ್ನು ನೀವಾಗಿ ತಂದು ಕೊಡಬೇಡಿ. ನೀರು ಭೇದಿ ಬಹುಪಾಲು ವೈರಸ್‌ನಿಂದ ಬರುವುದು, ಅದಕ್ಕೆ ಈ ಔಷಧ ತಾಗುವುದಿಲ್ಲ. ತಾಗುವುದು ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ. ಲೊಪರಮೈಡ್ ಥರದ ಭೇದಿ ನಿಲ್ಲಿಸುವ ಮಾತ್ರೆಯಂತೂ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಮಲದಲ್ಲಿ ರಕ್ತ ಇದ್ದರೆ ಮಾತ್ರ ಲೆಕ್ಕ ಬೇರೆ, ಆಗ ಡಾಕ್ಟರು ಆಂಟಿಬಯಾಟಿಕ್ ಕೊಡುತ್ತಾರೆ. ಅದನ್ನು ಪೂರ್ತಿ ಮುಗಿಸಬೇಕು.

ಊಟ ನಿಲ್ಲಿಸಬೇಡಿ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಊಟ ಜಾಸ್ತಿ ಕೊಡಿ, ಹಿಂದೆ ಬಿದ್ದದ್ದನ್ನು ಮಗು ತುಂಬಿಕೊಳ್ಳುವುದು ಆಗಲೇ. ರೋಟಾವೈರಸ್ ಲಸಿಕೆ 6, 10, 14ನೇ ವಾರದಲ್ಲಿ ಬಾಯಿಗೆ ಹಾಕುವುದು, ತಪ್ಪಿಸಬೇಡಿ. ಒಂದು ವರ್ಷ ತುಂಬಿದ ಮೇಲೆ ಫೆಬ್ರವರಿ, ಆಗಸ್ಟ್ ತಿಂಗಳಲ್ಲಿ ಅಂಗನವಾಡಿಯಲ್ಲಿ ಜಂತುಹುಳದ ಮಾತ್ರೆ ಸಿಗುತ್ತದೆ. ಎರಡು ವರ್ಷದೊಳಗೆ ಅರ್ಧ ಮಾತ್ರೆ, ಆಮೇಲೆ ಒಂದು, ಪುಡಿ ಮಾಡಿ ನೀರಲ್ಲಿ ಕಲಸಿ.

ಕಣ್ಣು ಗುಳಿ ಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಹಿಂದೆ ಹೋದರೆ, ಮಗು ಕುಡಿಯಲಾರದಷ್ಟು ಸೋತಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ರಕ್ತ ಕಂಡರೆ, ಜ್ವರ ಏರಿದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಡಿ. ತಾಯಿ ಕಾರ್ಡು, ಈಗಾಗಲೇ ಕೊಟ್ಟ ಔಷಧದ ಚೀಟಿ ತಗೊಳ್ಳಿ. ಮಗುವಿಗೆ ನುಂಗಲು ಆಗುತ್ತಿದ್ದರೆ ದಾರಿಯುದ್ದಕ್ಕೂ ಎದೆಹಾಲು ಮತ್ತು ಓಆರ್‌ಎಸ್ ಕೊಡುತ್ತಲೇ ಇರಿ.